ಬೇಲಿ ಕಟ್ಟುವ ಲೆಕ್ಕ: ಬಿಟ್‌ಕಾಯಿನ್ ಆಪ್ಷನ್ ಮತ್ತು ಬದಲಾಗುವ ಚಂಚಲತೆ

ಹಣಕಾಸಿನ ಮಾರುಕಟ್ಟೆಗಳನ್ನು ಕುರಿತ ನಮ್ಮ ಚರ್ಚಾ ಕಾರ್ಯಕ್ರಮದ ಚಿತ್ರೀಕರಣ ಅಂದು ಮುಗಿದಿತ್ತು. ಸ್ಟುಡಿಯೋದ ದೀಪಗಳು ಒಂದೊಂದಾಗಿ ಆರುತ್ತಿದ್ದವು. ಪ್ರೇಕ್ಷಕರ ಸಾಲಿನಲ್ಲಿ ಕುಳಿತಿದ್ದ ಬಿ.ಎಸ್‌ಸಿ. ವಿದ್ಯಾರ್ಥಿಯೊಬ್ಬ ಹತ್ತಿರ ಬಂದು ಮೆಲುದನಿಯಲ್ಲಿ ಕೇಳಿದ: "ಸರ್, ಮೂರು ವಾರದಿಂದ ಮೊಬೈಲಿನಲ್ಲೇ ಬಿಟ್‌ಕಾಯಿನ್ ಆಪ್ಷನ್ ಮಾರುತ್ತಿದ್ದೇನೆ. ಒಂದು ದಿನವೂ ನಷ್ಟವಾಗಿಲ್ಲ. ಎಲ್ಲರೂ ಅಪಾಯ ಅಪಾಯ ಅಂತಾರಲ್ಲ, ಆ ಅಪಾಯ ಇರುವುದೆಲ್ಲಿ?"

ಪ್ರಶ್ನೆ ಒಳ್ಳೆಯದೇ. ಆದರೆ ನಿಂತ ನಿಲುವಿನಲ್ಲಿ ಉತ್ತರಿಸುವಂಥದ್ದಲ್ಲ. ಕಾರ್ಯಕ್ರಮದ ಅಲ್ಪಾವಧಿಯಲ್ಲಿ ನಮ್ಮ ತಜ್ಞರು ಅದನ್ನು ಮುಟ್ಟಿ ಬಿಟ್ಟಿದ್ದರು, ಅಷ್ಟೆ. ಆದ್ದರಿಂದ ಈ ಸಂಚಿಕೆಯ ಪುಟಗಳಲ್ಲಿ ಆ ವಿದ್ಯಾರ್ಥಿಗೂ ಅವನಂತೆ ಯೋಚಿಸುತ್ತಿರುವ ಇತರರಿಗೂ ಸಾವಕಾಶವಾಗಿ ಉತ್ತರ ಹೇಳಲು ಪ್ರಯತ್ನಿಸುತ್ತೇನೆ. ಇದಕ್ಕೆ ಬೇಕಾಗುವುದು ಪಿ.ಯು.ಸಿ. ಮಟ್ಟದ ಗಣಿತ ಮತ್ತು ಸ್ವಲ್ಪ ತಾಳ್ಮೆ.

ಆಪ್ಷನ್ ಎಂದರೇನು?

ಅಡಿಕೆ ಬೆಳೆಗಾರರ ಮನೆಯ ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ. ಒಬ್ಬ ವ್ಯಾಪಾರಿ ಬೆಳೆಗಾರನ ಬಳಿ ಬಂದು ಹೀಗೆನ್ನುತ್ತಾನೆಂದು ಭಾವಿಸಿ: "ಮೂರು ತಿಂಗಳ ನಂತರ ನಿಮ್ಮ ಅಡಿಕೆಯನ್ನು ಇಂದಿನ ದರದಲ್ಲೇ ಕೊಳ್ಳುವ ಹಕ್ಕು ನನಗಿರಲಿ. ಕೊಳ್ಳಲೇಬೇಕೆಂಬ ಕಡ್ಡಾಯ ಬೇಡ. ಈ ಹಕ್ಕಿಗಾಗಿ ಈಗಲೇ ಇಷ್ಟು ಹಣ ಕೊಡುತ್ತೇನೆ. ಅದನ್ನು ನೀವು ಹಿಂದಿರುಗಿಸಬೇಕಾಗಿಲ್ಲ." ದರ ಏರಿದರೆ ವ್ಯಾಪಾರಿ ಹಕ್ಕನ್ನು ಚಲಾಯಿಸಿ ಲಾಭ ಪಡೆಯುತ್ತಾನೆ. ದರ ಇಳಿದರೆ ಸುಮ್ಮನಿರುತ್ತಾನೆ. ಕೊಟ್ಟ ಹಣವಷ್ಟೇ ಅವನ ನಷ್ಟ. ಕೊಳ್ಳುವ ಈ ಹಕ್ಕಿಗೆ ಕಾಲ್ ಆಪ್ಷನ್ ಎಂದು ಹೆಸರು. ಗೊತ್ತಾದ ದರದಲ್ಲಿ ಮಾರುವ ಹಕ್ಕು ಪುಟ್ ಆಪ್ಷನ್. ಮೊದಲೇ ಕೊಡುವ ಹಣ ಪ್ರೀಮಿಯಂ.

ಕೊಂಡವನ ನಷ್ಟಕ್ಕೆ ಮಿತಿ ಇದೆ. ಮಾರಿದವನಿಗೆ ಸಿಗುವ ಲಾಭಕ್ಕೆ ಮಿತಿ ಇದೆ, ಆದರೆ ಕಾಲ್ ಆಪ್ಷನ್ ಮಾರಿದವನ ನಷ್ಟಕ್ಕೆ ಮಿತಿ ಇಲ್ಲ. ಮುಂದಿನದೆಲ್ಲ ಹೊರಡುವುದು ಈ ಅಸಮತೆಯಿಂದ.

ಇನ್ನು ಬಿಟ್‌ಕಾಯಿನ್. 2008ರಲ್ಲಿ ಸತೋಶಿ ನಕಾಮೊಟೊ ಎಂಬ ಗುಪ್ತನಾಮದಲ್ಲಿ ಪ್ರಕಟವಾದ ಲೇಖನವೊಂದರ ಆಧಾರದ ಮೇಲೆ 2009ರ ಜನವರಿ 3ರಂದು ಈ ಗಣಕೀಯ ನಾಣ್ಯದ ಜಾಲ ಆರಂಭವಾಯಿತು. ಕಂಪನಿಯ ಷೇರಿನ ಹಿಂದೆ ಕಾರ್ಖಾನೆ ಇರುತ್ತದೆ, ಲಾಭಾಂಶ ಇರುತ್ತದೆ. ಅಡಿಕೆಯ ಹಿಂದೆ ತೋಟ ಇರುತ್ತದೆ. ಬಿಟ್‌ಕಾಯಿನ್‌ನ ಹಿಂದೆ ಅಂಥ ಆದಾಯವೊಂದಿಲ್ಲದ ಕಾರಣ, ಅದರ ಬೆಲೆ ಕೊಳ್ಳುವವರ ಮತ್ತು ಮಾರುವವರ ಮನಸ್ಸಿನ ತೂಗಾಟದಿಂದಲೇ ನಿರ್ಧಾರವಾಗುತ್ತದೆ. 2021ರ ನವೆಂಬರಿನಲ್ಲಿ ಸುಮಾರು 69,000 ಡಾಲರಿಗೆ ಏರಿದ್ದ ಬೆಲೆ, ಒಂದೇ ವರ್ಷದಲ್ಲಿ ಸುಮಾರು 16,000 ಡಾಲರಿಗೆ ಕುಸಿಯಿತು. 2024ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ 1,00,000 ಡಾಲರನ್ನು ದಾಟಿತು. ಇಂಥ ವಸ್ತುವಿನ ಮೇಲೂ ಆಪ್ಷನ್‌ಗಳಿವೆ. 2016ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಆರಂಭವಾದ ಡೆರಿಬಿಟ್ ಎಂಬ ವಿನಿಮಯ ಕೇಂದ್ರ ಇವುಗಳ ವಹಿವಾಟಿಗೆ ಹೆಸರಾಯಿತು. 2020ರ ಜನವರಿಯಲ್ಲಿ ಷಿಕಾಗೋದ ಹಳೆಯ ಸಿ.ಎಂ.ಇ. ಕೇಂದ್ರವೂ ಅದೇ ದಾರಿ ಹಿಡಿಯಿತು.

ಊಹೆ ಬೇಡ, ಸಮೀಕರಣ ಸಾಕು

ನಾಳಿನ ಬೆಲೆಯೇ ತಿಳಿಯದಿರುವಾಗ ಹಕ್ಕಿಗೆ ಬೆಲೆ ಕಟ್ಟುವುದು ಹೇಗೆ? ಒಂದು ಪುಟ್ಟ ಲೆಕ್ಕ ಮಾಡೋಣ. ಇದನ್ನು ಕಾಗದದ ಮೇಲೆ ಬರೆದುಕೊಂಡೇ ಓದಿ.

ಒಂದು ನಾಣ್ಯದ ಇಂದಿನ ಬೆಲೆ 100 ರೂಪಾಯಿ ಎನ್ನೋಣ. ಒಂದು ತಿಂಗಳ ನಂತರ ಅದು 120 ಆಗಬಹುದು, ಇಲ್ಲವೇ 80 ಆಗಬಹುದು. ಬೇರೆ ಸಾಧ್ಯತೆ ಇಲ್ಲ. ಬಡ್ಡಿಯನ್ನು ಸದ್ಯಕ್ಕೆ ಮರೆಯೋಣ. 100 ರೂಪಾಯಿಗೆ ಕೊಳ್ಳುವ ಹಕ್ಕನ್ನು ನೀವು ಮಾರಿದ್ದೀರಿ. ನಾಣ್ಯ 120 ಆದರೆ ನೀವು 20 ರೂಪಾಯಿ ಕೊಡಬೇಕು. 80 ಆದರೆ ಏನೂ ಕೊಡಬೇಕಾಗಿಲ್ಲ.

ಈಗ ನೀವು ಅರ್ಧ ನಾಣ್ಯವನ್ನು 50 ರೂಪಾಯಿ ಕೊಟ್ಟು ಕೊಂಡುಬಿಡಿ. ಅದಕ್ಕಾಗಿ 40 ರೂಪಾಯಿ ಸಾಲ ಮಾಡಿ. ಉಳಿದ 10 ರೂಪಾಯಿ ಮಾತ್ರ ಕೈಯಿಂದ ಹಾಕಿ. ತಿಂಗಳ ಕೊನೆಗೆ ನಾಣ್ಯ 120 ಆದರೆ ನಿಮ್ಮ ಅರ್ಧ ನಾಣ್ಯದ ಬೆಲೆ 60. ಸಾಲ 40 ತೀರಿಸಿದರೆ 20 ಉಳಿಯುತ್ತದೆ, ಕೊಡಬೇಕಾದದ್ದೂ 20. ನಾಣ್ಯ 80 ಆದರೆ ಅರ್ಧದ ಬೆಲೆ 40. ಸಾಲ ತೀರಿಸಿದರೆ ಉಳಿಯುವುದು ಸೊನ್ನೆ, ಕೊಡಬೇಕಾದದ್ದೂ ಸೊನ್ನೆ. ಎರಡೂ ಸಂದರ್ಭಗಳಲ್ಲಿ ಲೆಕ್ಕ ಸರಿಹೋಯಿತು! ಹಾಗಾದರೆ ಆ ಹಕ್ಕಿನ ನ್ಯಾಯವಾದ ಬೆಲೆ ನೀವು ಕೈಯಿಂದ ಹಾಕಿದ 10 ರೂಪಾಯಿ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಬೆಲೆ ಏರುವ ಸಂಭವ ಎಷ್ಟು, ಇಳಿಯುವ ಸಂಭವ ಎಷ್ಟು ಎಂದು ನಾವು ಎಲ್ಲಿಯೂ ಕೇಳಲಿಲ್ಲ. ದಿಕ್ಕಿನ ಬಗ್ಗೆ ಊಹೆ ಮಾಡದೆಯೇ ಬೆಲೆ ಸಿಕ್ಕಿತು. ಮಾರಿದವನು ತನ್ನ ಹೊಣೆಯನ್ನು ಪೂರೈಸಿಕೊಳ್ಳಲು ತಗಲುವ ಖರ್ಚೇ ಆಪ್ಷನ್‌ನ ಬೆಲೆ. ಹೀಗೆ ಅರ್ಧ ನಾಣ್ಯ ಕೊಂಡು ರಕ್ಷಣೆ ಮಾಡಿಕೊಳ್ಳುವುದಕ್ಕೆ ಹೆಡ್ಜಿಂಗ್ ಎನ್ನುತ್ತಾರೆ. ಹೆಡ್ಜ್ ಎಂದರೆ ಬೇಲಿ. ಎಷ್ಟು ನಾಣ್ಯ ಕೊಳ್ಳಬೇಕೆಂಬ ಆ ಭಿನ್ನರಾಶಿಗೆ, ನಮ್ಮ ಲೆಕ್ಕದಲ್ಲಿ ಅರ್ಧಕ್ಕೆ, ಡೆಲ್ಟಾ ಎಂದು ಹೆಸರು.

ನಿಜ ಜೀವನದಲ್ಲಿ ಬೆಲೆ ಎರಡೇ ಮೆಟ್ಟಿಲುಗಳಲ್ಲಿ ನಿಲ್ಲುವುದಿಲ್ಲ, ಕ್ಷಣಕ್ಷಣವೂ ಕದಲುತ್ತದೆ. ಬೆಲೆ ಏರಿದಂತೆ ಡೆಲ್ಟಾ ಹೆಚ್ಚುತ್ತದೆ, ಇಳಿದಂತೆ ಕಡಿಮೆಯಾಗುತ್ತದೆ. ಆದ್ದರಿಂದ ಕಾಲ್ ಮಾರಿದವನು ಬೆಲೆ ಏರಿದಾಗ ಇನ್ನಷ್ಟು ಕೊಳ್ಳಬೇಕು, ಇಳಿದಾಗ ಸ್ವಲ್ಪ ಮಾರಬೇಕು. ಹೆಚ್ಚಿನ ಬೆಲೆಗೆ ಕೊಂಡು ಕಡಿಮೆ ಬೆಲೆಗೆ ಮಾರುವುದೆಂದರೆ ಪ್ರತಿ ಸಲವೂ ಚೂರುಪಾರು ನಷ್ಟವೇ. ಇಂಥ ಚೂರುಗಳ ಮೊತ್ತವನ್ನು ತುಂಬಿಕೊಡುವುದಕ್ಕಾಗಿಯೇ ಪ್ರೀಮಿಯಂ ಇದೆ. ಬೆಲೆ ಹೆಚ್ಚು ಅಲುಗಾಡಿದಷ್ಟೂ ಚೂರುಗಳು ದೊಡ್ಡವಾಗುತ್ತವೆ.

ಐದನೆಯ ಸಂಖ್ಯೆ

ಈ ವಿಚಾರಕ್ಕೆ ದೀರ್ಘ ಇತಿಹಾಸವಿದೆ. 1900ರಲ್ಲಿ ಪ್ಯಾರಿಸ್ಸಿನ ಲೂಯಿ ಬಾಶೆಲಿಯೆ ಎಂಬ ಗಣಿತಜ್ಞ ತನ್ನ ಪ್ರೌಢಪ್ರಬಂಧದಲ್ಲಿ, ಮಾರುಕಟ್ಟೆಯ ಬೆಲೆಗಳು ಗೊತ್ತುಗುರಿಯಿಲ್ಲದ ನಡಿಗೆಯಂತೆ ಚಲಿಸುತ್ತವೆ ಎಂದು ಭಾವಿಸಿ ಆಪ್ಷನ್‌ಗಳಿಗೆ ಬೆಲೆ ಕಟ್ಟಿದ. ನೀರಿನಲ್ಲಿ ಪರಾಗದ ಕಣಗಳ ಅಲೆದಾಟವನ್ನು ಐನ್‌ಸ್ಟೈನ್ 1905ರಲ್ಲಿ ವಿವರಿಸಿದ್ದು ನಿಮಗೆ ಗೊತ್ತಿರಬಹುದು. ಹೆಚ್ಚುಕಡಿಮೆ ಅದೇ ಗಣಿತವನ್ನು ಬಾಶೆಲಿಯೆ ಐದು ವರ್ಷ ಮೊದಲೇ ಬಳಸಿದ್ದ. 1973ರಲ್ಲಿ ಫಿಷರ್ ಬ್ಲ್ಯಾಕ್ ಮತ್ತು ಮೈರನ್ ಶೋಲ್ಸ್ ತಮ್ಮ ಪ್ರಸಿದ್ಧ ಸೂತ್ರವನ್ನು ಪ್ರಕಟಿಸಿದರು; ರಾಬರ್ಟ್ ಮರ್ಟನ್ ಅದೇ ವರ್ಷ ಅದನ್ನು ವಿಸ್ತರಿಸಿದರು. ನಾವು ಮೇಲೆ ಮಾಡಿದ ಎರಡು ಮೆಟ್ಟಿಲಿನ ಲೆಕ್ಕವನ್ನು ಅತಿ ಸಣ್ಣ ಅತಿ ಹೆಚ್ಚು ಮೆಟ್ಟಿಲುಗಳಿಗೆ ಒಯ್ದರೆ ಆ ಸೂತ್ರಕ್ಕೇ ಬಂದು ಮುಟ್ಟುತ್ತೇವೆ. 1997ರಲ್ಲಿ ಶೋಲ್ಸ್ ಮತ್ತು ಮರ್ಟನ್ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ಬ್ಲ್ಯಾಕ್ 1995ರಲ್ಲೇ ತೀರಿಕೊಂಡಿದ್ದರು.

ಸೂತ್ರಕ್ಕೆ ಐದು ಸಂಖ್ಯೆಗಳು ಬೇಕು: ಇಂದಿನ ಬೆಲೆ, ಒಪ್ಪಂದದ ಬೆಲೆ, ಉಳಿದ ಅವಧಿ, ಬಡ್ಡಿದರ ಮತ್ತು ಚಂಚಲತೆ. ಮೊದಲ ನಾಲ್ಕು ಕಣ್ಣೆದುರಿಗೇ ಇವೆ. ಐದನೆಯದು ಮಾತ್ರ ಎಲ್ಲಿಯೂ ಬರೆದಿಲ್ಲ. ಅದು ಇಂದಿನಿಂದ ಅವಧಿ ಮುಗಿಯುವವರೆಗೆ ಬೆಲೆ ಎಷ್ಟು ಅಲುಗಾಡಲಿದೆ ಎಂಬ ಸಂಖ್ಯೆ. ಅಂದರೆ ಭವಿಷ್ಯಕ್ಕೆ ಸೇರಿದ ಸಂಖ್ಯೆ.

ಲಕ್ಷ್ಮಿ ಚಂಚಲೆ ಎಂದು ನಮ್ಮ ಹಿರಿಯರು ಹೇಳುತ್ತ ಬಂದರು. ಆ ಚಂಚಲತೆಯನ್ನು ಅಳೆಯುವುದು ಹೇಗೆ? ಪ್ರತಿ ದಿನದ ಶೇಕಡಾವಾರು ಏರಿಳಿತಗಳನ್ನು ಬರೆದಿಟ್ಟು ಅವುಗಳ ಮಾನಕ ವಿಚಲನೆಯನ್ನು ಕಂಡುಹಿಡಿಯಬೇಕು. ಸಂಖ್ಯಾಶಾಸ್ತ್ರದ ತರಗತಿಯಲ್ಲಿ ನೀವು ಕಲಿತ ಮಾನಕ ವಿಚಲನೆಯೇ ಇದು. ಅದನ್ನು ವರ್ಷದ ಲೆಕ್ಕಕ್ಕೆ ತರಲು ದಿನಗಳ ಸಂಖ್ಯೆಯ ವರ್ಗಮೂಲದಿಂದ ಗುಣಿಸುತ್ತಾರೆ. ಷೇರುಪೇಟೆ ವರ್ಷದಲ್ಲಿ ಸುಮಾರು 250 ದಿನ ನಡೆಯುತ್ತದೆ. ಬಿಟ್‌ಕಾಯಿನ್‌ಗೆ ಭಾನುವಾರವೂ ಇಲ್ಲ, ಹಬ್ಬವೂ ಇಲ್ಲ, ರಾತ್ರಿಯೂ ಇಲ್ಲ. ಆದ್ದರಿಂದ 365 ದಿನ. 365ರ ವರ್ಗಮೂಲ ಸುಮಾರು 19. ದಿನಕ್ಕೆ ಶೇಕಡಾ 3ರಷ್ಟು ಅಲುಗಾಡುವ ನಾಣ್ಯದ ವಾರ್ಷಿಕ ಚಂಚಲತೆ ಸುಮಾರು ಶೇಕಡಾ 57 ಆಗುತ್ತದೆ.

ಬೇಲಿ ಹಾಕಿದವನ ನಿಜವಾದ ಪಣ

ಈಗ ನಮ್ಮ ಪುಟ್ಟ ಲೆಕ್ಕಕ್ಕೆ ಹಿಂದಿರುಗೋಣ. ನೀವು 10 ರೂಪಾಯಿಗೆ ಆಪ್ಷನ್ ಮಾರಿ, 40 ರೂಪಾಯಿ ಸಾಲ ಸೇರಿಸಿ, ಅರ್ಧ ನಾಣ್ಯ ಕೊಂಡು ಬೇಲಿ ಹಾಕಿಕೊಂಡಿದ್ದೀರಿ. ಆದರೆ ನಾಣ್ಯ ನೀವೆಣಿಸಿದ್ದಕ್ಕಿಂತ ಹೆಚ್ಚು ಅಲುಗಾಡಿ 140ಕ್ಕೆ ಅಥವಾ 60ಕ್ಕೆ ಹೋಯಿತೆನ್ನಿ.

140 ಆದರೆ ನಿಮ್ಮ ಅರ್ಧದ ಬೆಲೆ 70. ಸಾಲ ತೀರಿಸಿ ಉಳಿಯುವುದು 30; ಕೊಡಬೇಕಾದದ್ದು 40. ನಷ್ಟ 10. ನಾಣ್ಯ 60 ಆದರೆ ಅರ್ಧದ ಬೆಲೆ 30. ಆಪ್ಷನ್‌ಗಾಗಿ ಕೊಡಬೇಕಾದದ್ದು ಏನೂ ಇಲ್ಲ, ಆದರೆ 40ರ ಸಾಲಕ್ಕೆ 10 ಕಡಿಮೆಬೀಳುತ್ತದೆ. ಆಗಲೂ ನಷ್ಟ 10.

ಇದಕ್ಕೆ ಬದಲಾಗಿ ಪೇಟೆ ಶಾಂತವಾಗಿದ್ದು ನಾಣ್ಯ 110 ಅಥವಾ 90 ಮಾತ್ರ ಆದರೆ? 110 ಆದಾಗ 55ರಲ್ಲಿ ಸಾಲ 40 ಕಳೆದು 15, ಕೊಡಬೇಕಾದದ್ದು 10, ಲಾಭ 5. 90 ಆದಾಗ 45ರಲ್ಲಿ 40 ಕಳೆದು 5; ಕೊಡಬೇಕಾದದ್ದು ಇಲ್ಲ; ಲಾಭ 5.

ಏನು ಕಂಡಿತು? ಬೇಲಿ ಹಾಕಿದ ಮೇಲೆ ಬೆಲೆ ಮೇಲೆ ಹೋಯಿತೋ ಕೆಳಗೆ ಹೋಯಿತೋ ಎಂಬುದರಿಂದ ನಿಮಗೆ ವ್ಯತ್ಯಾಸವೇ ಆಗಲಿಲ್ಲ. ವ್ಯತ್ಯಾಸವಾದದ್ದು ಎಷ್ಟು ದೂರ ಹೋಯಿತು ಎಂಬುದರಿಂದ. ದಿಕ್ಕಿನ ಅಪಾಯ ತೊಲಗಿತು. ಅದರ ಜಾಗದಲ್ಲಿ ಚಂಚಲತೆಯ ಅಪಾಯ ಬಂದು ಕುಳಿತಿತು. ಈ ಲೇಖನದಿಂದ ನೀವು ಒಂದೇ ಒಂದು ಮಾತನ್ನು ನೆನಪಿಡುವುದಾದರೆ ಅದು ಇದಾಗಿರಲಿ: ಹೆಡ್ಜಿಂಗ್ ಅಪಾಯವನ್ನು ಅಳಿಸುವುದಿಲ್ಲ, ಒಂದು ಅಪಾಯವನ್ನು ಇನ್ನೊಂದು ಅಪಾಯವಾಗಿ ಮಾರ್ಪಡಿಸುತ್ತದೆ.

ಹೊಸ ಅಪಾಯ ಹಳೆಯದಕ್ಕಿಂತ ಕಣ್ಣಿಗೆ ಬೀಳುವುದು ಕಡಿಮೆ. ಇಂದಿನ ಬೆಲೆಗೇ ಒಪ್ಪಂದವಾದ ಆಪ್ಷನ್‌ಗೆ ಒಂದು ಸ್ಥೂಲ ಸೂತ್ರವಿದೆ: ನಾಣ್ಯದ ಬೆಲೆ, ವಾರ್ಷಿಕ ಚಂಚಲತೆ, ವರ್ಷದಲ್ಲಿ ಅಳೆದ ಅವಧಿಯ ವರ್ಗಮೂಲ, ಈ ಮೂರನ್ನೂ ಗುಣಿಸಿ 0.4ರಿಂದ ಗುಣಿಸಿದರೆ ಆಯಿತು. 100 ರೂಪಾಯಿಯ ನಾಣ್ಯ, ಶೇಕಡಾ 60ರ ಚಂಚಲತೆ, ಒಂದು ತಿಂಗಳ ಅವಧಿ ಎಂದರೆ ಸುಮಾರು 6.9 ರೂಪಾಯಿ ಬರುತ್ತದೆ. ನೀವು ಮಾರಿದ ಮರುಗಳಿಗೆಯಲ್ಲೇ ಪೇಟೆಯವರ ಮನಸ್ಸು ಕದಡಿ, ಅವರು ನಿರೀಕ್ಷಿಸುವ ಚಂಚಲತೆ ಶೇಕಡಾ 90ಕ್ಕೆ ಏರಿತೆನ್ನಿ. ಅದೇ ಆಪ್ಷನ್‌ನ ಬೆಲೆ ಈಗ ಸುಮಾರು 10.4. ನಾಣ್ಯದ ಬೆಲೆ ಒಂದು ಪೈಸೆಯೂ ಕದಲಿಲ್ಲ. ನಿಮ್ಮ ಖಾತೆಯಲ್ಲಿ ಮೂರೂವರೆ ರೂಪಾಯಿ ನಷ್ಟ ಕಾಣಿಸಿಕೊಂಡಿತು! ಚಂಚಲತೆಯ ಬದಲಾವಣೆಗೆ ಆಪ್ಷನ್‌ನ ಬೆಲೆ ಎಷ್ಟು ಸ್ಪಂದಿಸುತ್ತದೆ ಎಂಬ ಅಳತೆಗೆ ವೇಗಾ ಎಂದು ಕರೆಯುತ್ತಾರೆ.

ಚಂಚಲತೆಯ ಸ್ವಭಾವ

ಬ್ಲ್ಯಾಕ್ ಮತ್ತು ಶೋಲ್ಸ್ ತಮ್ಮ ಸೂತ್ರಕ್ಕಾಗಿ ಚಂಚಲತೆ ಸ್ಥಿರವೆಂದು ಭಾವಿಸಿಕೊಂಡರು. ವಾಸ್ತವದಲ್ಲಿ ಅದಕ್ಕೂ ಅದರದೇ ಗುಣಗಳಿವೆ.

ಮೊದಲನೆಯದು, ಅದು ಗುಂಪುಗುಂಪಾಗಿ ಬರುತ್ತದೆ. ಬಿರುಗಾಳಿಯ ದಿನದ ಮರುದಿನವೂ ಗಾಳಿ ಇರುವಂತೆ, ದೊಡ್ಡ ಏರಿಳಿತದ ಹಿಂದೆ ದೊಡ್ಡ ಏರಿಳಿತಗಳೇ ಬರುತ್ತವೆ. ಹತ್ತಿಯ ಬೆಲೆಗಳನ್ನು ಅಧ್ಯಯನ ಮಾಡಿದ ಬೆನ್ವಾ ಮ್ಯಾಂಡೆಲ್‌ಬ್ರಾಟ್ 1963ರಲ್ಲೇ ಇದನ್ನು ಗುರುತಿಸಿದ್ದರು. 1982ರಲ್ಲಿ ರಾಬರ್ಟ್ ಎಂಗಲ್ ಇದಕ್ಕೊಂದು ಗಣಿತದ ಮಾದರಿ ಕೊಟ್ಟರು. 2003ರಲ್ಲಿ ಅವರಿಗೂ ನೊಬೆಲ್ ಪ್ರಶಸ್ತಿ ಬಂದಿತು. 1986ರಲ್ಲಿ ಟಿಮ್ ಬೊಲ್ಲೆರ್‌ಸ್ಲೆವ್ ಅದನ್ನು ವಿಸ್ತರಿಸಿದ ಮಾದರಿಗೆ ಗಾರ್ಚ್ ಎಂದು ಹೆಸರು. ಅದರ ತಿರುಳು ಸರಳ. ನಾಳಿನ ಚಂಚಲತೆಯ ವರ್ಗವನ್ನು ಮೂರು ವಸ್ತುಗಳ ಮಿಶ್ರಣವೆಂದು ಎಣಿಸಬೇಕು: ದೀರ್ಘಕಾಲದ ಸರಾಸರಿ, ಇಂದು ನಿಜವಾಗಿ ಆದ ಏರಿಳಿತದ ವರ್ಗ, ಇಂದಿಗಾಗಿ ನಾವು ಮೊದಲೇ ಮಾಡಿದ್ದ ಅಂದಾಜಿನ ವರ್ಗ. ಉದಾಹರಣೆಗೆ ಇವುಗಳಿಗೆ 5, 10 ಮತ್ತು 85 ಶೇಕಡಾ ತೂಕ ಕೊಡೋಣ. ಸರಾಸರಿಯೂ ಅಂದಾಜೂ ದಿನಕ್ಕೆ ಶೇಕಡಾ 3 ಇದ್ದು, ಇಂದು ಬೆಲೆ ಹಠಾತ್ತನೆ ಶೇಕಡಾ 9 ಬದಲಾದರೆ, ನಾಳಿನ ವರ್ಗ 0.45, 8.1 ಮತ್ತು 7.65 ಇವುಗಳ ಮೊತ್ತ, ಅಂದರೆ 16.2. ವರ್ಗಮೂಲ ತೆಗೆದರೆ ಸುಮಾರು 4. ಒಂದೇ ಪೆಟ್ಟಿಗೆ ಅಂದಾಜು 3ರಿಂದ 4ಕ್ಕೆ ಏರಿತು. ಮರುದಿನ ಬೆಲೆ ಕದಲದೆ ನಿಂತರೂ ಅದು ಸುಮಾರು 3.8ಕ್ಕಷ್ಟೇ ಇಳಿಯುತ್ತದೆ. ಏರುವುದು ಥಟ್ಟನೆ, ಇಳಿಯುವುದು ನಿಧಾನ.

ಎರಡನೆಯದು, ಚಂಚಲತೆ ತಾನೇ ಗೊತ್ತುಗುರಿಯಿಲ್ಲದೆ ಅಲೆಯುತ್ತದೆ, ಆದರೆ ಕಟ್ಟಿದ ಹಸುವಿನಂತೆ ತನ್ನ ಗೂಟದ ಸುತ್ತಲೇ ಅಲೆಯುತ್ತದೆ. 1993ರಲ್ಲಿ ಸ್ಟೀವನ್ ಹೆಸ್ಟನ್ ಇದನ್ನು ಸಮೀಕರಣವಾಗಿ ಬರೆದರು. ಬೆಲೆಗೊಂದು ಅಲೆದಾಟ, ಚಂಚಲತೆಗೊಂದು ಅಲೆದಾಟ, ಎರಡರ ನಡುವೆ ಒಂದು ಸಂಬಂಧ. ಷೇರುಪೇಟೆಯಲ್ಲಿ ಈ ಸಂಬಂಧ ಸಾಮಾನ್ಯವಾಗಿ ವಿಲೋಮ: ಬೆಲೆ ಬಿದ್ದಾಗ ಚಂಚಲತೆ ಏಳುತ್ತದೆ. ಬಿಟ್‌ಕಾಯಿನ್‌ನಲ್ಲಿ ಈ ಸಂಬಂಧ ನೆಚ್ಚುವಂಥದ್ದಲ್ಲ. ಭೀತಿಯ ಕಾಲದಲ್ಲಿ ಬೆಲೆ ಬೀಳುತ್ತ ಚಂಚಲತೆ ಏರುತ್ತದೆ; ಉನ್ಮಾದದ ಕಾಲದಲ್ಲಿ ಬೆಲೆ ಏರುತ್ತಲೂ ಚಂಚಲತೆ ಏರುತ್ತದೆ. ಆದ್ದರಿಂದ ಷೇರುಪೇಟೆಗೆ ಹೊಂದಿಸಿದ ಮಾದರಿಯನ್ನು ಇಲ್ಲಿಗೆ ತಂದು ಹಾಗೆಯೇ ಬಳಸುವಂತಿಲ್ಲ.

ಮೂರನೆಯದು ನೆಗೆತ. ಇದನ್ನು ನನ್ನ ವೃತ್ತಿಯ ಉದಾಹರಣೆಯಿಂದ ಹೇಳುತ್ತೇನೆ. ವೇದಿಕೆಯ ಮೇಲೆ ನಡೆದಾಡುವ ಕಲಾವಿದನನ್ನು ನಮ್ಮ ಕ್ಯಾಮೆರಾಮನ್ ಲೆನ್ಸಿನ ಫೋಕಸ್ ತಿರುಗಿಸುತ್ತ ಹಿಂಬಾಲಿಸುತ್ತಾನೆ. ಕಲಾವಿದ ಹೆಜ್ಜೆ ಹಾಕುವವರೆಗೆ ಚಿತ್ರ ಸ್ಪಷ್ಟ. ಆತ ಒಮ್ಮೆಲೇ ಮುಂದಕ್ಕೆ ಜಿಗಿದರೆ, ಕೈ ತಿರುಗುವಷ್ಟರಲ್ಲಿ ಚಿತ್ರ ಮಸುಕಾಗಿಬಿಡುತ್ತದೆ. ಡೆಲ್ಟಾ ಬೇಲಿಯೂ ಹೀಗೆಯೇ. ಬೆಲೆ ನಡೆಯುವಾಗ ಹಿಂಬಾಲಿಸಬಹುದು, ನೆಗೆದಾಗ ಹಿಂಬಾಲಿಸಲು ಸಮಯವೇ ಇರುವುದಿಲ್ಲ. ನೆಗೆತಗಳನ್ನು ಒಳಗೊಂಡ ಮಾದರಿಯನ್ನು ಮರ್ಟನ್ 1976ರಲ್ಲೇ ರೂಪಿಸಿದರು. ನೆಗೆತಗಳಿದ್ದಲ್ಲಿ ನಾಣ್ಯವನ್ನು ಕೊಂಡು ಮಾರುವುದರಿಂದಷ್ಟೇ ಸಂಪೂರ್ಣ ಬೇಲಿ ಕಟ್ಟಲಾಗದು ಎಂಬುದು ಅದರಿಂದ ಹೊರಟ ಕಟುಸತ್ಯ.

ಪೇಟೆಯೂ ಇದನ್ನು ಪೆಟ್ಟು ತಿಂದೇ ಕಲಿಯಿತು. 1987ರ ಅಕ್ಟೋಬರ್ 19ರಂದು ಅಮೆರಿಕದ ಡೌ ಜೋನ್ಸ್ ಸೂಚ್ಯಂಕ ಒಂದೇ ದಿನ ಶೇಕಡಾ 22.6 ಕುಸಿಯಿತು. ಅಲ್ಲಿಂದ ಮುಂದೆ, ದೂರದ ಬೆಲೆಗಳ ಆಪ್ಷನ್‌ಗಳಿಗೆ, ಮುಖ್ಯವಾಗಿ ಕುಸಿತದಿಂದ ರಕ್ಷಿಸುವವುಗಳಿಗೆ, ಸೂತ್ರ ಹೇಳುವುದಕ್ಕಿಂತ ಹೆಚ್ಚಿನ ಬೆಲೆ ಬಂದಿತು. ಒಪ್ಪಂದದ ಬೆಲೆಗಳಿಗೆ ಎದುರಾಗಿ ಚಂಚಲತೆಯ ನಕ್ಷೆ ಬರೆದರೆ ರೇಖೆ ನೇರವಾಗಿರದೆ ತುಟಿ ಅರಳಿದಂತೆ ಬಾಗಿರುತ್ತದೆ. ಅದಕ್ಕೆ ಮುಗುಳ್ನಗೆ ಎಂದೇ ಹೆಸರಿಟ್ಟಿದ್ದಾರೆ. ಬಿಟ್‌ಕಾಯಿನ್‌ನ ಮುಗುಳ್ನಗೆ ಕೆಲವೊಮ್ಮೆ ಎಡಕ್ಕೂ ಕೆಲವೊಮ್ಮೆ ಬಲಕ್ಕೂ ವಾಲುತ್ತದೆ.

2020ರ ಮಾರ್ಚ್ 12

ಇವೆಲ್ಲ ಒಟ್ಟಿಗೆ ಕಾಣಿಸಿದ ದಿನವೊಂದಿದೆ. 2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ರೋಗವನ್ನು ಜಾಗತಿಕ ಮಹಾಮಾರಿ ಎಂದು ಸಾರಿತು. ಮರುದಿನ ಜಗತ್ತಿನ ಪೇಟೆಗಳೆಲ್ಲ ಕುಸಿದವು. ಅಮೆರಿಕದ ಎಸ್ ಅಂಡ್ ಪಿ 500 ಸೂಚ್ಯಂಕ ಶೇಕಡಾ 9.5ರಷ್ಟು ಬಿದ್ದಿತು, ನಮ್ಮ ಸೆನ್ಸೆಕ್ಸ್ 2,900ಕ್ಕೂ ಹೆಚ್ಚು ಅಂಶ ಕಳೆದುಕೊಂಡಿತು. ಬಿಟ್‌ಕಾಯಿನ್ ಸುಮಾರು 7,900 ಡಾಲರಿನಿಂದ ದಿನ ಮುಗಿಯುವಷ್ಟರಲ್ಲಿ 5,000 ಡಾಲರಿಗೂ ಕೆಳಗಿಳಿಯಿತು. ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಒಂದೇ ದಿನದಲ್ಲಿ ಮಾಯ!

ದಿನದ ಚಂಚಲತೆ ಶೇಕಡಾ 3 ಎಂದು ಎಣಿಸಿ ಗಂಟೆಯಾಕಾರದ ರೇಖೆಯನ್ನು ನಂಬಿ ಕುಳಿತವನಿಗೆ ಇದು ಮಾನಕ ವಿಚಲನೆಯ ಹನ್ನೆರಡು ಪಟ್ಟು ದೂರದ ಘಟನೆ. ಆ ರೇಖೆಯ ಪ್ರಕಾರ ವಿಶ್ವದ ವಯಸ್ಸಿನಷ್ಟು ಕಾಲ ಕಾದರೂ ಇಂಥದ್ದು ನಡೆಯಬಾರದು. ನಡೆದೇ ಹೋಯಿತು. ತಪ್ಪಿದ್ದು ರೇಖೆಯನ್ನು ಆಯ್ದುಕೊಂಡವರದು.

ಅಮೆರಿಕದಲ್ಲಿ ಅಂದು ಷೇರು ವಹಿವಾಟನ್ನು ಸ್ವಲ್ಪ ಹೊತ್ತು ನಿಲ್ಲಿಸಲಾಯಿತು. ಮಾರ್ಚ್ 13ರ ಬೆಳಿಗ್ಗೆ ಭಾರತದಲ್ಲೂ 45 ನಿಮಿಷ ನಿಲ್ಲಿಸಲಾಯಿತು. ಜನ ಉಸಿರು ತೆಗೆದುಕೊಳ್ಳಲಿ ಎಂದೇ ಆ ವ್ಯವಸ್ಥೆ ಇರುವುದು. ಜಗತ್ತಿನ ಹತ್ತಾರು ಕೇಂದ್ರಗಳಲ್ಲಿ ಹಗಲಿರುಳು ನಡೆಯುವ ಬಿಟ್‌ಕಾಯಿನ್ ಪೇಟೆಗೆ ಅಂಥ ಒಂದೇ ಗಂಟೆ ಇಲ್ಲ. ಸಾಲ ಮಾಡಿ ವಹಿವಾಟು ನಡೆಸುತ್ತಿದ್ದವರ ಒಪ್ಪಂದಗಳನ್ನು ಕೇಂದ್ರಗಳು ತಾವಾಗಿಯೇ ಮುರಿದು ಮಾರಿದವು. ಆ ಮಾರಾಟದಿಂದ ಬೆಲೆ ಇನ್ನಷ್ಟು ಕುಸಿಯಿತು.

ಬೇಲಿಯೇ ಹೊಲ ಮೇಯ್ದರೆ?

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು. ಚಂಚಲತೆಯ ಅಪಾಯಕ್ಕೆ ಬೇಲಿ ಹಾಕಲು ನಾಣ್ಯ ಸಾಲದು, ಇನ್ನೊಂದು ಆಪ್ಷನ್ನೇ ಬೇಕು. ಒಂದು ಆಪ್ಷನ್ ಮಾರಿದ ವೃತ್ತಿಪರ ವ್ಯಾಪಾರಿ, ಬೇರೆ ಬೆಲೆಯ ಅಥವಾ ಬೇರೆ ಅವಧಿಯ ಆಪ್ಷನ್ ಕೊಂಡು ಎರಡರ ವೇಗಾ ಸರಿದೂಗುವಂತೆ ನೋಡಿಕೊಳ್ಳುತ್ತಾನೆ. ಉಳಿದ ಡೆಲ್ಟಾವನ್ನು ನಾಣ್ಯದಿಂದ ಸರಿಪಡಿಸುತ್ತಾನೆ. ಇದಕ್ಕೂ ಖರ್ಚಿದೆ. ಮೇಲಾಗಿ ಒಬ್ಬನು ಕೊಂಡದ್ದನ್ನು ಇನ್ನೊಬ್ಬನು ಮಾರಿರಲೇಬೇಕಲ್ಲವೇ? ಪೇಟೆಯನ್ನು ಒಟ್ಟಾಗಿ ನೋಡಿದರೆ ಅಪಾಯ ಕೈಬದಲಾಯಿಸಿತೇ ಹೊರತು ಎಲ್ಲಿಗೂ ಹೋಗಲಿಲ್ಲ.

ಬಿಟ್‌ಕಾಯಿನ್ ಪೇಟೆಯಲ್ಲಿ ಇನ್ನೊಂದು ತೊಡಕಿದೆ. ಡೆರಿಬಿಟ್‌ನ ಮೂಲ ಬಿಟ್‌ಕಾಯಿನ್ ಆಪ್ಷನ್‌ಗಳಲ್ಲಿ ಲೆಕ್ಕ ಡಾಲರಿನಲ್ಲಿ, ಪಾವತಿ ಮಾತ್ರ ಬಿಟ್‌ಕಾಯಿನ್‌ನಲ್ಲೇ. ಇದರ ಪರಿಣಾಮವನ್ನು ನಮ್ಮ ನಾಣ್ಯದಲ್ಲೇ ನೋಡಿ. 100 ರೂಪಾಯಿಗೆ ಮಾರುವ ಹಕ್ಕನ್ನು, ಅಂದರೆ ಪುಟ್ ಆಪ್ಷನ್ನನ್ನು, ನೀವು ಮಾರಿದ್ದೀರಿ. ಭದ್ರತೆಯಾಗಿ ನಾಣ್ಯಗಳನ್ನೇ ಇಟ್ಟಿದ್ದೀರಿ. ಬೆಲೆ 50 ಆದರೆ ಕೊಡಬೇಕಾದದ್ದು 50 ರೂಪಾಯಿ, ಅಂದರೆ ಒಂದು ನಾಣ್ಯ. ಬೆಲೆ 25 ಆದರೆ 75 ರೂಪಾಯಿ, ಅಂದರೆ ಮೂರು ನಾಣ್ಯ. ಬೆಲೆ 10 ಆದರೆ 90 ರೂಪಾಯಿ, ಅಂದರೆ ಒಂಬತ್ತು ನಾಣ್ಯ! ಹೊಣೆ ಬೆಳೆಯುತ್ತಿರುವಾಗಲೇ ಅದನ್ನು ತೀರಿಸಬೇಕಾದ ಭದ್ರತೆಯ ಬೆಲೆ ಕರಗುತ್ತಿರುತ್ತದೆ.

ಬೇಲಿ ನಿಂತ ನೆಲವೇ ಕುಸಿಯುವುದೂ ಉಂಟು. 2022ರ ನವೆಂಬರಿನಲ್ಲಿ ಎಫ್.ಟಿ.ಎಕ್ಸ್. ಎಂಬ ದೊಡ್ಡ ವಿನಿಮಯ ಕೇಂದ್ರ ದಿವಾಳಿಯಾಯಿತು. ಅಲ್ಲಿ ಹಣವಿಟ್ಟವನು ತನ್ನ ಬೇಲಿಯ ಲೆಕ್ಕವನ್ನು ಎಷ್ಟೇ ಕರಾರುವಾಕ್ಕಾಗಿ ಮಾಡಿದ್ದರೂ ಹಣ ಸಿಕ್ಕಿಹಾಕಿಕೊಂಡಿತು. ಯಾವ ಸೂತ್ರದಲ್ಲೂ ಈ ಅಪಾಯಕ್ಕೆ ಅಕ್ಷರವಿರಲಿಲ್ಲ. ಪಂಡಿತರಿಗೂ ರಿಯಾಯಿತಿ ಇಲ್ಲ. ನೊಬೆಲ್ ಪಡೆದ ಶೋಲ್ಸ್ ಮತ್ತು ಮರ್ಟನ್ ಪಾಲುದಾರರಾಗಿದ್ದ ಲಾಂಗ್ ಟರ್ಮ್ ಕ್ಯಾಪಿಟಲ್ ಮ್ಯಾನೇಜ್‌ಮೆಂಟ್ ಎಂಬ ನಿಧಿ, ಪ್ರಶಸ್ತಿ ಬಂದ ಮರುವರ್ಷವೇ, 1998ರಲ್ಲಿ, ನೂರಾರು ಕೋಟಿ ಡಾಲರ್ ಕಳೆದುಕೊಂಡು ಇತರ ಬ್ಯಾಂಕುಗಳ ಆಸರೆಯಿಂದ ನಿಲ್ಲಬೇಕಾಯಿತು. ಪೇಟೆ ಶಾಂತವಾಗುತ್ತದೆಂದು ನಂಬಿ ಚಂಚಲತೆಯನ್ನು ಮಾರಿದ್ದೂ ಅವರ ನಷ್ಟದ ಕಾರಣಗಳಲ್ಲಿ ಒಂದು.

ಆ ವಿದ್ಯಾರ್ಥಿಗೆ ಉತ್ತರ

ಮೂರು ವಾರ ನಷ್ಟವಾಗಲಿಲ್ಲವೆಂದರೆ ಆ ಮೂರು ವಾರ ಪೇಟೆ ಶಾಂತವಾಗಿತ್ತು ಎಂದಷ್ಟೇ ಅರ್ಥ. ನಮ್ಮ ಲೆಕ್ಕದಲ್ಲಿ ನಾಣ್ಯ 110 ಅಥವಾ 90 ಆದಾಗ ಮಾರಿದವನಿಗೆ 5 ರೂಪಾಯಿ ಲಾಭ ಬಂದಿತ್ತು. ಅದು ಜಾಣತನದ ಕೂಲಿಯಾಗಿರಲಿಲ್ಲ. ಮುಂದೆ ಬರಬಹುದಾದ 140 ಅಥವಾ 60ಕ್ಕಾಗಿ ಮೊದಲೇ ಕೈಸೇರಿದ ವಿಮೆಯ ಕಂತಾಗಿತ್ತು. ವಿಮಾ ಕಂಪನಿ ಕಂತುಗಳನ್ನು ಖರ್ಚು ಮಾಡಿ ಮುಗಿಸುವುದಿಲ್ಲ, ಬೆಂಕಿ ಬೀಳುವ ದಿನಕ್ಕಾಗಿ ಕೂಡಿಡುತ್ತದೆ. ಬೇಲಿಯನ್ನೂ ಹಾಕದೆ, ಭದ್ರತೆಯನ್ನೂ ಕೂಡಿಡದೆ ಮಾರುವವನು ಬೆಂಕಿ ಬೀಳದಿರಲಿ ಎಂದು ಹಾರೈಸುತ್ತಿದ್ದಾನೆ, ಅಷ್ಟೆ.

ನಮ್ಮ ದೇಶದ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನವನ್ನು ಇಲ್ಲಿ ನೆನೆಯಬೇಕು. 2021-22ರಿಂದ 2023-24ರವರೆಗಿನ ಮೂರು ಆರ್ಥಿಕ ವರ್ಷಗಳಲ್ಲಿ ಷೇರುಗಳ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟು ನಡೆಸಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ನಷ್ಟ ಅನುಭವಿಸಿದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಇದು ನಿಯಮಗಳಿರುವ, ರಾತ್ರಿ ಬಾಗಿಲು ಮುಚ್ಚುವ ಪೇಟೆಯ ಮಾತು. ಬಿಟ್‌ಕಾಯಿನ್‌ನ ಚಂಚಲತೆ ಅದಕ್ಕಿಂತ ಹಲವು ಪಟ್ಟು.

ಇಷ್ಟಾದರೂ ಈ ವಿಷಯವನ್ನು ಓದಬೇಡಿ ಎಂದು ನಾನು ಹೇಳಲಾರೆ. ಸಂಭವನೀಯತೆ, ಕಲನಶಾಸ್ತ್ರ, ಸಂಖ್ಯಾಶಾಸ್ತ್ರ ಮೂರೂ ಒಂದೇ ಕಡೆ ಸೇರುವ ಸೊಗಸಾದ ವಿಷಯವಿದು. ಹಣ ಹೂಡದೆಯೇ ಇದನ್ನು ಕಲಿಯಬಹುದು. ಒಂದು ನೋಟ್‌ಬುಕ್ಕಿನಲ್ಲಿ ಮೂವತ್ತು ದಿನ ಬಿಟ್‌ಕಾಯಿನ್‌ನ ಬೆಲೆಯನ್ನು ನಿತ್ಯ ಒಂದೇ ಸಮಯಕ್ಕೆ ಬರೆದಿಡಿ. ದಿನದಿಂದ ದಿನಕ್ಕೆ ಶೇಕಡಾವಾರು ಬದಲಾವಣೆ ತೆಗೆಯಿರಿ. ಮಾನಕ ವಿಚಲನೆ ಕಂಡುಹಿಡಿದು 19ರಿಂದ ಗುಣಿಸಿ. ಮೊದಲ ಹದಿನೈದು ದಿನಗಳ ಉತ್ತರವನ್ನೂ ಕೊನೆಯ ಹದಿನೈದು ದಿನಗಳ ಉತ್ತರವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಎರಡೂ ಒಂದೇ ಆಗಿರುವುದು ಅಪರೂಪ. ಆ ಎರಡು ಸಂಖ್ಯೆಗಳ ನಡುವಿನ ಅಂತರವನ್ನು ನಮ್ಮ 0.4ರ ಸೂತ್ರದಲ್ಲಿ ಹಾಕಿ, ಆಪ್ಷನ್‌ನ ಬೆಲೆ ಎಷ್ಟು ಬದಲಾಗುತ್ತದೆಂದು ಲೆಕ್ಕ ಮಾಡಿ. ಅಪಾಯ ಇರುವುದೆಲ್ಲಿ ಎಂದು ಕೇಳಿದೆಯಲ್ಲ, ಆ ಅಂತರದಲ್ಲಿ.

ನಿಮ್ಮ ಲೆಕ್ಕಗಳನ್ನು ಕಾರ್ಯಕ್ರಮದ ವಿಳಾಸಕ್ಕೆ ಬರೆದು ಕಳುಹಿಸಿ. ಸರಿಯಾಗಿ ಮಾಡಿದವುಗಳನ್ನು ಮುಂದಿನ ಚರ್ಚೆಯಲ್ಲಿ ತಜ್ಞರ ಮುಂದಿಡುತ್ತೇವೆ. ತಪ್ಪಾದವುಗಳನ್ನೂ ಇಡುತ್ತೇವೆ, ಕಲಿಯುವುದಕ್ಕೆ ಅವೂ ಬೇಕು.